ಕೆಂಪು ದೀಪದ ಜ್ವರ

ಈ ವಾರ ತಾರೆಯರ ಸುದ್ದಿ ಇಲ್ಲ, ಬೇಜಾರು ಮಾಡ್ಕೋಬೇಡಿ. ಯಾರ ಚಿತ್ರದ ಮುಹೂರ್ತ ಯಾಕೆ ಮುಂದಕ್ಕೆ ಹೋಯಿತು ಅನ್ನೋದನ್ನ ಬರೆಯಲು ಪಕ್ಕದ ಪುಟದಲ್ಲಿ ನನಗಿಂತ ಚುರುಕಾದವರು ಇದ್ದಾರೆ. ನನ್ನ ಪಾಲಿಗೆ ಈ ಸಲ ಬಂದಿರುವುದು ಒಂದು ಪತ್ರ. ಪತ್ರ ಅಂದರೆ ಈಗಿನ ಪತ್ರ... ಮೊಬೈಲಿನಲ್ಲಿ ಬಂದದ್ದು, ಜೊತೆಗೆ ಒಂದು ಹಾಡು.

ಬರೆದವರು ಚಿತ್ರದುರ್ಗ ಜಿಲ್ಲೆಯ ಒಬ್ಬ ತಂಗಿ. ಹೆಸರು ಹಾಕಬೇಡಿ ಅಂತ ಎರಡು ಸಲ ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಮದುವೆಗೆ ಮುಂಚೆ ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಹಾಡುತ್ತಿದ್ದವರು. ಈಗ ಮನೆಯಲ್ಲೇ ಹೊಲಿಗೆ ಕೆಲಸ, ಬ್ಲೌಸು, ಪಿಕೋ, ಫಾಲ್. ಹೊಸಬರಿಗೆ ಅವಕಾಶ ಕೊಡುವ ಒಂದು ಕಡೆಯಿಂದ, ಎರಡು ನಿಮಿಷದ ಹಾಡು ರೆಕಾರ್ಡ್ ಮಾಡಿ ತಿಂಗಳ ಕೊನೆಯೊಳಗೆ ಕಳಿಸಿ ಅಂತ ಕರೆ ಬಂದಿದೆ. ಹನ್ನೊಂದು ಸಲ ಹಾಡಿದರಂತೆ, ಹನ್ನೊಂದು ಸಲವೂ ಅಳಿಸಿದರಂತೆ. ಹನ್ನೆರಡನೆಯದನ್ನು ಅಳಿಸುವ ಮುಂಚೆ ನನಗೆ ಕಳಿಸಿ ಕೇಳಿದ್ದಾರೆ: "ಅಣ್ಣಾ, ನನ್ನ ದನಿ ಹೋಯ್ತಾ, ಇಲ್ಲ ಫೋನ್ ಸರಿ ಇಲ್ವಾ? ನಮ್ಮ ಮೈದುನ ಹದಿನೆಂಟು ಸಾವಿರದ ಮೈಕ್ ತಗೋಬೇಕು ಅಂತಾನೆ. ಹೊಸ ಪಿಕೋ ಮೆಷಿನ್‌ಗೆ ಅಂತ ಕೂಡಿಟ್ಟ ದುಡ್ಡಿದೆ. ತಗೊಳ್ಳಲಾ?"

ತಗೋಬೇಡಿ ತಂಗಿ! ಮೊದಲು ಈ ಪುಟ ಓದಿ ಮುಗಿಸಿ.

ನಾನು ಆ ಹಾಡನ್ನು ಆರು ಸಲ ಕೇಳಿದೆ. ಮೊದಲ ಸಲ ಕೇಳಿದಾಗ, ಸುಳ್ಳು ಯಾಕೆ ಹೇಳಲಿ, ಯಾರೋ ಬಚ್ಚಲುಮನೆಯಲ್ಲಿ ನಿಂತು ಹಾಡುತ್ತಿದ್ದಾರೆ ಅನ್ನಿಸಿತು. ಹಿಂದೆ ಫ್ಯಾನು ಗರಗರ. ಪಕಾರ ಬಂದಲ್ಲೆಲ್ಲ "ಧಬ್" ಅಂತ ಗುದ್ದು. ಹಾಡುವವರಿಗೆ ಹೆದರಿಕೆ ಎಷ್ಟೆಂದರೆ, ಸಾಲಿನ ಕೊನೆಯ ಅಕ್ಷರವನ್ನು ಸಾಲ ವಾಪಸ್ಸು ಕೊಡುವವರ ಹಾಗೆ ಅವಸರದಲ್ಲಿ ಬಿಟ್ಟುಬಿಡುತ್ತಾರೆ. ಆದರೆ ಎರಡನೇ ಚರಣದಲ್ಲಿ ಒಂದು ವಿಚಿತ್ರ ನಡೆಯಿತು. ಮಗು ಎದ್ದು ಅತ್ತಿತು. ತಾಯಿ ಹಾಡು ನಿಲ್ಲಿಸದೆ ಮಗುವನ್ನು ಎತ್ತಿಕೊಂಡು ಬೆನ್ನು ತಟ್ಟುತ್ತಾ ಹಾಡಿದ್ದಾರೆ. ತಟ್ಟುವ ಸದ್ದೂ ಕೇಳಿಸುತ್ತೆ. ಅಲ್ಲಿಂದ ಮುಂದಕ್ಕೆ ದನಿಯೇ ಬೇರೆ ಸ್ವಾಮಿ! ಹತ್ತಿರ ಬಂತು, ಬೆಚ್ಚಗಾಯಿತು, ಸಾಲುಗಳು ತಮ್ಮ ಪೂರ್ತಿ ಉದ್ದಕ್ಕೆ ನಿಂತವು. ಆ ಇಪ್ಪತ್ತು ಸೆಕೆಂಡಿನಲ್ಲಿ ಅವರಿಗೆ ಫೋನು ಮರೆತುಹೋಗಿತ್ತು.

ದನಿ ಎಲ್ಲೂ ಹೋಗಿಲ್ಲ. ಬಂದಿರುವುದು ಜ್ವರ. ಸ್ಟುಡಿಯೋದವರ ಭಾಷೆಯಲ್ಲಿ ಅದು ಕೆಂಪು ದೀಪದ ಜ್ವರ.

ಈ ಜ್ವರ ನನಗೂ ಬಂದಿತ್ತು, ಆದ್ದರಿಂದ ಗೊತ್ತು. 1984ನೇ ಇಸವಿ. ಒಂದು ಸ್ಟುಡಿಯೋದಲ್ಲಿ (ಯಾವುದು ಅಂತ ಕೇಳಬೇಡಿ) ಕೋರಸ್ ಹಾಡಲು ಕರೆದಿದ್ದರು. ಎಂಟು ಜನರಲ್ಲಿ ನಾನೊಬ್ಬ. ರಿಹರ್ಸಲ್‌ನಲ್ಲಿ ಸಿಂಹ. ಬಾಗಿಲ ಮೇಲಿನ ಕೆಂಪು ದೀಪ ಹತ್ತಿದ ಕೂಡಲೇ ನಾಲಿಗೆ ಅಂಗಳಕ್ಕೆ ಅಂಟಿಕೊಂಡಿತು. ಆಗ ಈಗಿನ ಹಾಗಲ್ಲ, ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ. ಪಿಟೀಲಿನವರು, ತಬಲದವರು, ಮುಖ್ಯ ಗಾಯಕರು, ಎಲ್ಲರೂ! ಮೂರನೇ ಸಲ ತಪ್ಪಿದಾಗ ಯಾರೂ ಬೈಯಲಿಲ್ಲ. ಒಬ್ಬರು ಬಂದು, "ನೀವು ಸ್ವಲ್ಪ ಹೊರಗೆ ಕಾಫಿ ಕುಡೀರಿ" ಅಂದರು. ಆ ಕಾಫಿ ಕುಡಿದವನು ಮತ್ತೆ ಒಳಗೆ ಹೋಗಲಿಲ್ಲ. ಹಾಡುವುದು ಬಿಟ್ಟೆ, ಹಾಡುವವರ ಬಗ್ಗೆ ಬರೆಯಲು ಕೂತೆ.

ಇರಲಿ. ತಂಗಿಗೆ ಮೊದಲು ಹೇಳಬೇಕಾದ ಮಾತು ಬೇರೆ ಇದೆ. ರೆಕಾರ್ಡಿನಲ್ಲಿ ನಿಮ್ಮ ದನಿ ನಿಮಗೆ ಯಾರದೋ ಅನ್ನಿಸುತ್ತೆ, ಅಲ್ವೇ? ತೆಳ್ಳಗೆ, ಕೀರಲಾಗಿ? ಅದು ನಿಮಗೊಬ್ಬರಿಗೆ ಅಲ್ಲ, ಭೂಮಿಯ ಮೇಲೆ ಬಾಯಿ ಇರುವ ಎಲ್ಲರಿಗೂ ಹಾಗೇ. ನಾವು ಮಾತಾಡುವಾಗ, ಹಾಡುವಾಗ ನಮ್ಮ ದನಿ ನಮಗೆ ಎರಡು ದಾರಿಯಲ್ಲಿ ಬರುತ್ತೆ. ಒಂದು ಗಾಳಿಯ ಮೂಲಕ ಕಿವಿಗೆ, ಇನ್ನೊಂದು ತಲೆಯ ಮೂಳೆಯ ಮೂಲಕ ನೇರ ಒಳಕಿವಿಗೆ. ಮೂಳೆಯ ದಾರಿ ತಗ್ಗು ಸ್ವರಗಳನ್ನು ಚೆನ್ನಾಗಿ ಸಾಗಿಸುತ್ತೆ, ಅದಕ್ಕೇ ನಮ್ಮ ದನಿ ನಮಗೆ ತುಂಬಿಕೊಂಡು ಕೇಳುವುದು. ಮೈಕ್‌ಗೆ ಮೂಳೆ ಎಲ್ಲಿದೆ? ಅದಕ್ಕೆ ಸಿಗುವುದು ಗಾಳಿಯಲ್ಲಿ ಬಂದದ್ದು ಮಾತ್ರ. ಅಂದರೆ ಇಷ್ಟು ವರ್ಷ ನಿಮ್ಮ ಊರಿನವರು ಚಪ್ಪಾಳೆ ತಟ್ಟಿದ್ದು ಈ ರೆಕಾರ್ಡಿನಲ್ಲಿರುವ ದನಿಗೇ! ಅದನ್ನು ಮೊದಲ ಸಲ ಕೇಳುತ್ತಿರುವವರು ನೀವೊಬ್ಬರೇ.

ಇದು ಗೊತ್ತಿಲ್ಲದೆ ನಾನೊಂದು ದೊಡ್ಡ ತಪ್ಪು ಮಾಡಿದ್ದೇನೆ. 1986ರಲ್ಲಿ ನಮ್ಮ ಮನೆಗೆ ಟೇಪ್ ರೆಕಾರ್ಡರ್ ಬಂತು. ನಮ್ಮಮ್ಮ ಹಸೆಗೆ ಕರೆಯುವ ಹಾಡು ಹಾಡಿದರೆ ಬೀದಿಯವರು ಜಗಲಿಗೆ ಬಂದು ಕೂರುತ್ತಿದ್ದರು. ಒಂದು ಮಧ್ಯಾಹ್ನ ಕೂರಿಸಿ ಹಾಡಿಸಿದೆ. "ಅಮ್ಮಾ, ಜೋರಾಗಿ... ಅಮ್ಮಾ, ಕೆಮ್ಮಬೇಡ... ಅಯ್ಯೋ, ಮತ್ತೆ ಮೊದಲಿಂದ!" ಅಂತ ಗದರಿಸಿದ್ದೂ ಅದರಲ್ಲೇ ಇದೆ. ಹಾಡಿಸಿ, ತಕ್ಷಣ ಅವರಿಗೇ ಕೇಳಿಸಿದೆ. ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡು, "ಇದು ನಾನಾ? ಕಾಗೆ ಕೂಗಿದಂಗೈತೆ. ಇಷ್ಟು ದಿನ ಯಾಕೋ ಯಾರೂ ಹೇಳ್ಲಿಲ್ಲ?" ಅಂದರು. ನಾನು ನಕ್ಕೆ. ಆಮೇಲೆ ಮನೆಯಲ್ಲಿ ಎರಡು ಮದುವೆ ಆದವು, ಅಮ್ಮ ಹಸೆ ಮುಂದೆ ಬಾಯಿ ತೆರೆಯಲಿಲ್ಲ. ಈಗ ಅಮ್ಮ ಇಲ್ಲ. ಆ ಕ್ಯಾಸೆಟ್ ಇದೆ. ಅದರಲ್ಲಿ ಅಮ್ಮನ ದನಿಗಿಂತ ನನ್ನ ಗದರಿಕೆಯೇ ಜೋರಾಗಿದೆ.

ಆದ್ದರಿಂದ ತಂಗಿ, ಹಾಡಿದ ದಿನವೇ ಕೇಳಬೇಡಿ. ಅಳಿಸಲಂತೂ ಬೇಡಿ. ಮಾರನೆಯ ದಿನ ಬೆಳಿಗ್ಗೆ, ಬೇರೆ ಯಾರದೋ ಹಾಡು ಅಂದುಕೊಂಡು ಕೇಳಿ.

ಇನ್ನು ಸದ್ದಿನ ವಿಚಾರಕ್ಕೆ ಬರೋಣ. ಬಚ್ಚಲುಮನೆ ಎಲ್ಲಿಂದ ಬಂತು? ನಿಮ್ಮ ಪತ್ರದಲ್ಲೇ ಉತ್ತರ ಇದೆ: "ಹಾಲ್‌ನಲ್ಲಿ ನಿಂತು ಹಾಡಿದೆ ಅಣ್ಣಾ, ಹೊಲಿಗೆ ರೂಮಿನಲ್ಲಿ ಬಟ್ಟೆ ತುಂಬಿ ಕಾಲಿಡೋಕೂ ಜಾಗ ಇಲ್ಲ." ಅಯ್ಯೋ ತಂಗಿ, ದೇವರು ಮನೆಯೊಳಗೇ ಸ್ಟುಡಿಯೋ ಕೊಟ್ಟಿದ್ದಾನೆ, ನೀವು ಹಾಲ್‌ಗೆ ಹೋಗಿ ನಿಂತಿದ್ದೀರಿ!

ಟೈಲ್ಸ್ ನೆಲ, ಸಿಮೆಂಟ್ ಗೋಡೆ, ಗಾಜಿನ ಕಿಟಕಿ, ಇವೆಲ್ಲ ಸದ್ದನ್ನು ಚೆಂಡಿನ ಹಾಗೆ ವಾಪಸ್ಸು ಒಗೆಯುತ್ತವೆ. ನಿಮ್ಮ ದನಿ ಒಂದು ಸಲ ನೇರವಾಗಿ ಫೋನಿಗೆ ಹೋಗುತ್ತೆ, ಆಮೇಲೆ ಎಡಗೋಡೆ, ಬಲಗೋಡೆ, ಸೂರು ಎಲ್ಲ ಮುಟ್ಟಿಕೊಂಡು ನೂರು ಸಲ ಹೋಗುತ್ತೆ. ಎಲ್ಲ ಕಲಸಿ ಗಂಜಿ. ಪರೀಕ್ಷೆ ಮಾಡಬೇಕೇ? ಹಾಲ್‌ನಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ, ಹಿಂದೆಯೇ ಒಂದು ಝಣಝಣ ಬರುತ್ತೆ. ಹೊಲಿಗೆ ರೂಮಿನಲ್ಲಿ ತಟ್ಟಿ. "ಟಪ್", ಅಷ್ಟೇ, ಸತ್ತುಹೋಯಿತು. ಹಾಡು ಹಿಡಿಯಲು ಅಂಥ ಜಾಗವೇ ಬೇಕು. ಗುಂಗು ಬೇಕೆಂದರೆ ಆಮೇಲೆ ಎಷ್ಟು ಬೇಕಾದರೂ ಸೇರಿಸಬಹುದು. ಒಂದು ಸಲ ಸೇರಿದ ಗುಂಗನ್ನು ತೆಗೆಯುವುದು ಸಾಂಬಾರಿಗೆ ಬಿದ್ದ ಉಪ್ಪು ತೆಗೆದಂತೆ.

ಒಂದು ಮಾತು ನೆನಪಿಡಿ. ತೆಳು ಪರದೆ, ವಾಯಿಲ್ ಸೀರೆ ಕಟ್ಟಿದರೆ ಬರೀ ಮೇಲಿನ ಸ್ವರಗಳು ಹೀರಿಹೋಗಿ ದನಿ ಮಂಕಾಗುತ್ತೆ, ಕೆಳಗಿನ ಗುಂಯ್ ಹಾಗೇ ಉಳಿಯುತ್ತೆ. ದಪ್ಪ ಬೇಕು: ಕಂಬಳಿ, ರಜಾಯಿ, ಗೋಡೆಗೆ ಒರಗಿಸಿದ ಹತ್ತಿ ಹಾಸಿಗೆ. ಅದೂ ನಿಮ್ಮ ಬೆನ್ನ ಹಿಂದೆ, ಪಕ್ಕದಲ್ಲಿ. ಫೋನು ನೋಡುತ್ತಿರುವುದು ನಿಮ್ಮ ಕಡೆಗೆ ತಾನೇ? ನಿಮ್ಮ ಹಿಂದಿನ ಗೋಡೆ ಅದಕ್ಕೆ ಕೇಳಿಸುತ್ತೆ. ಮೂಲೆಗೆ ಹೋಗಿ ನಿಲ್ಲಬೇಡಿ, ಮೂಲೆಯಲ್ಲಿ ತಗ್ಗು ಸ್ವರ ಊದಿಕೊಳ್ಳುತ್ತೆ. ಹೊಟ್ಟೆ ಒರೆಸುವ ಮೊಟ್ಟೆ ಡಬ್ಬಿ ರಟ್ಟುಗಳನ್ನು ಗೋಡೆಗೆ ಅಂಟಿಸಿ ಅಂತ ಯಾರಾದರೂ ಹೇಳಿದರೆ ನಕ್ಕು ಕಳಿಸಿ. ಮೊಟ್ಟೆ ಟ್ರೇಯಿಂದ ಆಗುವ ಉಪಯೋಗ ಆಮ್ಲೆಟ್ ಮಾತ್ರ.

ಫ್ಯಾನ್ ಆರಿಸಿ. ಫ್ರಿಜ್ಜು ಪಕ್ಕದ ರೂಮಿನಲ್ಲಿದ್ದರೂ ಹಾಡುವಷ್ಟು ಹೊತ್ತು ಆರಿಸಿ (ಮತ್ತೆ ಹಾಕುವುದು ಮರೆತರೆ ಹಾಲು ಒಡೆದದ್ದಕ್ಕೆ ನನ್ನನ್ನು ಬೈಯಬೇಡಿ). ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಬೆಳಗಿನ ಕುಕ್ಕರ್ ಹೊತ್ತು ಬೇಡ, ರಾತ್ರಿ ಹತ್ತರ ಮೇಲೆ ಹಾಡಿ.

ಇನ್ನು ದೂರ. ಇದೊಂದು ಸರಿಹೋದರೆ ಅರ್ಧ ಕೆಲಸ ಮುಗಿದ ಹಾಗೆ. ನೀವು ಫೋನನ್ನು ಶೋಕೇಸ್ ಮೇಲಿಟ್ಟು ನಾಲ್ಕಡಿ ದೂರ ನಿಂತಿದ್ದೀರಿ, ವೇದಿಕೆಯ ಅಭ್ಯಾಸ. ಅಷ್ಟು ದೂರದಿಂದ ಫೋನಿಗೆ ನಿಮ್ಮ ದನಿಗಿಂತ ಕೋಣೆಯ ದನಿಯೇ ಜಾಸ್ತಿ. ದೂರವನ್ನು ಅರ್ಧ ಮಾಡಿದರೆ ನೇರ ದನಿ ಆರು ಡೆಸಿಬಲ್ ಏರುತ್ತೆ. ಗೋಡೆಯಿಂದ ಬರುವ ಗುಂಗು ಅಷ್ಟೇ ಇರುತ್ತೆ. ಒಂದು ಗೇಣು, ಸ್ವಲ್ಪ ಜಾಸ್ತಿ: ಹೆಬ್ಬೆರಳು ತುಟಿಯ ಮೇಲಿಟ್ಟು ಕೈ ಚಾಚಿದರೆ ಕಿರುಬೆರಳು ಮುಟ್ಟುವಲ್ಲಿಂದ ಎರಡು ಬೆರಳು ಆಚೆ ಫೋನಿನ ಕೆಳಗಿನ ತೂತು ಇರಲಿ. ಹೌದು, ಮುಖ್ಯ ಮೈಕ್ ಇರುವುದು ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿ. ಎಷ್ಟೋ ಜನ ಅದನ್ನು ಕಿರುಬೆರಳಿನಿಂದ ಮುಚ್ಚಿ ಹಿಡಿದು, ಫೋನ್ ಸರಿ ಇಲ್ಲ ಅಂತಾರೆ. ಕೈಯಲ್ಲಿ ಹಿಡಿಯಲೇಬೇಡಿ. ಮಡಿಸಿದ ಬಟ್ಟೆಯ ರಾಶಿ ಬಾಯಿ ಮಟ್ಟಕ್ಕೆ ಒಟ್ಟಿ, ಅದರ ಮೇಲಿಡಿ. ಮರದ ಮೇಜಿನ ಮೇಲಿಟ್ಟರೆ ಕಾಲು ತಾಳ ಹಾಕಿದ್ದೆಲ್ಲ ಗುಡುಗಾಗಿ ಹೋಗುತ್ತೆ.

ಆ "ಧಬ್" ಗುದ್ದು? ಪ, ಬ, ಫ, ಭ ಹೇಳುವಾಗ ತುಟಿಯಿಂದ ಗಾಳಿಯ ಗುಳಿಗೆಯೊಂದು ಹಾರುತ್ತೆ. ಅಂಗೈ ಬಾಯಿಯ ಮುಂದೆ ಹಿಡಿದು "ಭಾಗ್ಯ" ಅನ್ನಿ, ಗೊತ್ತಾಗುತ್ತೆ. ಆ ಗಾಳಿ ನೇರ ಮೈಕ್‌ಗೆ ಬಡಿಯಬಾರದು. ಫೋನನ್ನು ಬಾಯಿಗೆ ನೇರ ಇಡದೆ ಸ್ವಲ್ಪ ಪಕ್ಕಕ್ಕೆ, ಕೆನ್ನೆಯ ಕಡೆ ಇಡಿ. ಸ್ಟುಡಿಯೋದಲ್ಲಿ ಮೈಕ್ ಮುಂದೆ ಒಂದು ದುಂಡನೆಯ ಕಪ್ಪು ಜಾಲರಿ ನೋಡಿರುತ್ತೀರಿ. ನಿಮ್ಮ ಹತ್ತಿರ ಕಸೂತಿ ಹಾಕುವ ರಿಂಗ್ ಇದೆಯಲ್ಲ? ಅದಕ್ಕೆ ತೆಳು ನೈಲಾನ್ ಬಟ್ಟೆ ಬಿಗಿದರೆ ಅದೇ ಇದು! ಫೋನಿಗೂ ಬಾಯಿಗೂ ನಡುವೆ ನಿಲ್ಲಿಸಿ.

ಹಾಗಂತ ಮೇಲಿನ ಸ್ವರಕ್ಕೆ ಹೋದಾಗಲೂ ಅಲ್ಲೇ ಅಂಟಿಕೊಂಡಿರಬೇಡಿ, ಒಂದು ಅರ್ಧ ಗೇಣು ಹಿಂದೆ ಸರಿಯಿರಿ. ಜೋರಾಗಿ ಕೂಗಿ ಮೈಕ್ ತುಂಬಿ ಹರಿದರೆ ಬರುವ ಆ ಹರಕು ಸದ್ದಿಗೆ ಔಷಧಿ ಇಲ್ಲ. ಮೆಲ್ಲಗೆ ಬಂದದ್ದನ್ನು ಆಮೇಲೆ ಏರಿಸಬಹುದು, ಹರಿದದ್ದನ್ನು ಹೊಲಿಯೋಕಾಗಲ್ಲ. ಇದನ್ನು ಹೊಲಿಗೆಯವರಿಗೆ ನಾನು ಹೇಳಬೇಕೆ? ಎಸ್. ಜಾನಕಿ ಅವರು ವೇದಿಕೆಯ ಮೇಲೆ ಹಾಡುವುದನ್ನು ನೋಡಿದವರಿಗೆ ಗೊತ್ತು: ಮುಖ ಅಲ್ಲಾಡದು, ಕೈ ಆಡದು, ಮೈಕ್‌ಗೂ ಬಾಯಿಗೂ ನಡುವಿನ ಅಂತರ ತಪ್ಪದು. ಮಗುವಿನ ದನಿ, ಅಜ್ಜಿಯ ದನಿ, ಅಳು, ನಗು, ಎಲ್ಲ ಗಂಟಲಿನೊಳಗೇ.

ಸಂಗೀತದ ಟ್ರ್ಯಾಕನ್ನು ಇನ್ನೊಂದು ಫೋನಿನಲ್ಲಿ ಸ್ಪೀಕರ್‌ಗೆ ಹಾಕಿ ಹಾಡಿದ್ದೀರಿ, ಅದಕ್ಕೇ ಎರಡೂ ಕಲಸಿವೆ. ಟ್ರ್ಯಾಕು ಕಿವಿಗೆ ಮಾತ್ರ ಹೋಗಬೇಕು. ತಂತಿ ಇರುವ ಇಯರ್‌ಫೋನೇ ಹಾಕಿ. ಬ್ಲೂಟೂತಿನದ್ದು ಸದ್ದನ್ನು ಕೊಂಚ ತಡವಾಗಿ ಕೊಡುತ್ತೆ. ತಡ ಕಣ್ಣು ಮಿಟುಕಿಸುವಷ್ಟೇ ಇರಬಹುದು, ತಾಳಕ್ಕೆ ಅದೇ ಬೆಟ್ಟ. ಒಂದೇ ಕಿವಿಗೆ ಹಾಕಿ, ಇನ್ನೊಂದು ಕಿವಿ ನಿಮ್ಮ ದನಿಗೆ ಬಿಡಿ. ಎರಡೂ ಕಿವಿ ಮುಚ್ಚಿದರೆ ಶ್ರುತಿ ಜಾರುವುದು ಬಹಳ ಜನಕ್ಕೆ ಇರುವ ಕಾಟ. ಟ್ರ್ಯಾಕಿನ ಮೊದಲ ಏಟಿಗೆ ಸರಿಯಾಗಿ ಒಂದು ಚಪ್ಪಾಳೆ ತಟ್ಟಿ. ಶೂಟಿಂಗ್‌ನಲ್ಲಿ ಕ್ಲಾಪ್ ಬೋರ್ಡು ಹೊಡೆಯುವುದು ಯಾಕೆ? ಸದ್ದು, ಚಿತ್ರ ಎರಡನ್ನೂ ಆಮೇಲೆ ಒಂದೇ ಕಡೆ ಕೂಡಿಸಲಿಕ್ಕೆ ತಾನೇ? ನಿಮ್ಮ ಚಪ್ಪಾಳೆಯೂ ಅದಕ್ಕೇ. ಬ್ಯಾಂಡ್‌ಲ್ಯಾಬ್, ಆಡಾಸಿಟಿ ಇಂಥವು ಪುಕ್ಕಟೆ ಸಿಗುತ್ತವೆ. ಚಪ್ಪಾಳೆಯನ್ನು ಆ ಏಟಿನ ಕೆಳಗೆ ತಂದಿಟ್ಟರೆ ಹಾಡು ಕೂತುಕೊಳ್ಳುತ್ತೆ. ನಿಮ್ಮ ಮೈದುನ ಮೈಕ್ ಕೊಳ್ಳುವ ಮಾತು ಬಿಟ್ಟು ಈ ಕೆಲಸ ಮಾಡಿಕೊಡಲಿ!

ಮತ್ತೆ, ವಾಟ್ಸಾಪ್‌ನ ಆ ಮೈಕ್ ಗುಂಡಿ ಒತ್ತಿ ಹಾಡಬೇಡಿ. ಅದು ಮಾತಿಗೆ ಮಾಡಿದ್ದು, ಸದ್ದನ್ನು ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತೆ. ಫೋನಿನ ರೆಕಾರ್ಡರ್‌ನಲ್ಲಿ ಹಾಡಿ, ಒಳ್ಳೆಯ ಗುಣಮಟ್ಟ ಆರಿಸಿ, ಡಾಕ್ಯುಮೆಂಟ್ ಅಂತ ಕಳಿಸಿ.

ಹದಿನೆಂಟು ಸಾವಿರದ ಮೈಕಿನ ಮಾತು ಬಂತಲ್ಲ... ಒಳ್ಳೆಯ ಕಂಡೆನ್ಸರ್ ಮೈಕು ಸೂಕ್ಷ್ಮ. ಅದನ್ನು ನಿಮ್ಮ ಹಾಲ್‌ನಲ್ಲಿಟ್ಟರೆ ಈಗ ಕೇಳಿಸುವ ಫ್ಯಾನಿನ ಜೊತೆಗೆ ಎದುರುಮನೆಯ ಜಗಳವೂ ಕೇಳಿಸುತ್ತೆ, ಅಷ್ಟೇ ಲಾಭ. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅಂತ ಭಾರಿ ಹಾಡುಗಾರ. 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಕೂತು, ಕ್ಯಾಸೆಟ್ಟಿಗೆ ನಾಲ್ಕು ಟ್ರ್ಯಾಕ್ ಹಿಡಿಯುವ ಒಂದು ಚಿಕ್ಕ ಯಂತ್ರದಲ್ಲಿ ಹಾಡಿಕೊಂಡ. ಬ್ಯಾಂಡಿನವರಿಗೆ ಹಾಡು ತೋರಿಸಲು ಮಾಡಿದ ನಮೂನೆ, ಅಷ್ಟೇ. ಆಮೇಲೆ ದೊಡ್ಡ ಸ್ಟುಡಿಯೋಕ್ಕೆ ಹೋಗಿ ಅದೇ ಹಾಡುಗಳನ್ನು ಬ್ಯಾಂಡಿನ ಜೊತೆ ಹಾಡಿದರೆ ಜೀವ ಬರಲಿಲ್ಲ! ಕೊನೆಗೆ ಜೇಬಿನಲ್ಲಿ ಡಬ್ಬಿ ಇಲ್ಲದೆ ಇಟ್ಟುಕೊಂಡು ಓಡಾಡಿದ್ದ ಆ ಕ್ಯಾಸೆಟ್ಟನ್ನೇ 'ನೆಬ್ರಾಸ್ಕಾ' ಅಂತ ಅದೇ ವರ್ಷ ಬಿಡುಗಡೆ ಮಾಡಿದರು. ತೀರ ಈಚಿನದು ಬೇಕೇ? ಬಿಲ್ಲಿ ಐಲಿಷ್ ಎಂಬ ಹುಡುಗಿ 2020ರಲ್ಲಿ ಗ್ರ್ಯಾಮಿಯ ನಾಲ್ಕು ದೊಡ್ಡ ಪ್ರಶಸ್ತಿಗಳನ್ನೂ ಒಂದೇ ರಾತ್ರಿ ಬಾಚಿಕೊಂಡಳು, ವಯಸ್ಸು ಹದಿನೆಂಟು. ಆ ಹಾಡುಗಳ ಬಹುಪಾಲು ಅಣ್ಣನ ಮಲಗುವ ಕೋಣೆಯಲ್ಲಿ ಆದದ್ದು. ನಮ್ಮ ದೇಶದ ಕಥೆಯೇನು ಬೇರೆ? 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿದ್ದು ಸ್ಟುಡಿಯೋದಲ್ಲಲ್ಲ, ಹೋಟೆಲ್ ಕೋಣೆಯಲ್ಲಿ. ಮೈಕೂ ಇಲ್ಲ, ಒಂದು ಕಹಳೆಯ ಬಾಯಿಗೆ ಮುಖ ಕೊಟ್ಟು ಹಾಡಬೇಕು, ಮೂರು ನಿಮಿಷದೊಳಗೆ ಮುಗಿಸಬೇಕು. ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದ್ದು ಇವತ್ತಿಗೂ ಕೇಳಿಸುತ್ತೆ. ಜ್ವರ ಬಂದ ಲಕ್ಷಣ ಎಳ್ಳಷ್ಟೂ ಇಲ್ಲ.

ಜ್ವರದ ಔಷಧಿ ಏನು ಅಂತೀರಾ? ನನಗೆ ತಡವಾಗಿ ತಿಳಿದದ್ದನ್ನು ಹೇಳ್ತೀನಿ. ಹಾಡಲು ತಯಾರಾದ ಮೇಲೆ ಗುಂಡಿ ಒತ್ತಬೇಡಿ. ಸಂಜೆ ಹೊಲಿಗೆಗೆ ಕೂತಾಗಲೇ ಒತ್ತಿಬಿಡಿ, ಓಡುತ್ತಾ ಇರಲಿ. ಮೆಷಿನ್ ತುಳಿಯಿರಿ, ಗುನುಗಿ, ಮಗುವಿಗೆ ಗದರಿ. ಅರ್ಧ ಗಂಟೆ ಆದ ಮೇಲೆ ಕೆಂಪು ಚುಕ್ಕೆ ಕಣ್ಣಿಗೇ ಬೀಳುವುದಿಲ್ಲ. ಆಗ ಮೆಷಿನ್ ನಿಲ್ಲಿಸಿ, ಎದ್ದು ನಿಂತು ಹಾಡಿ. ಸಾಹಿತ್ಯದ ಹಾಳೆ ಕಣ್ಣಿನ ಮಟ್ಟಕ್ಕೆ ಗೋಡೆಗೆ ಚುಚ್ಚಿ, ಬಗ್ಗಿ ಓದಿದರೆ ಗಂಟಲು ಮಡಿಸಿಕೊಳ್ಳುತ್ತೆ. ಮೂರು ಸಲ ಹಾಡಿ, ನಾಲ್ಕನೆಯದು ಬೇಡ. ಎಲ್ಲ ಒಂದೇ ಉಸಿರಿಗೆ ಸರಿ ಬರಲೇಬೇಕು ಅನ್ನುವ ಕಾಲ ಹೋಯಿತು; ಮೊದಲ ಸಲದ್ದರಿಂದ ಪಲ್ಲವಿ, ಮೂರನೆಯದರಿಂದ ಚರಣ ತೆಗೆದು ಜೋಡಿಸಬಹುದು. ದೊಡ್ಡ ದೊಡ್ಡವರೂ ಈಗ ಹಾಗೇ ಹಾಡುವುದು, ಹೇಳಿಕೊಳ್ಳಲ್ಲ ಅಷ್ಟೇ.

ಇನ್ನೊಂದು ಗುಟ್ಟು. ನೀವು ಆರಿಸಿದ ಹಾಡು ಮೂಲದ ಶ್ರುತಿಯಲ್ಲೇ ಇದೆ. ಇಪ್ಪತ್ತು ವರ್ಷದ ಹುಡುಗಿಯಾಗಿ ವೇದಿಕೆ ಮೇಲೆ ಹಾಡಿದ ಎತ್ತರ ಅದು. ಈಗ ಮೇಲೆ ಹೋದಾಗ ದನಿ ಬಿಗಿಯುತ್ತಿದೆ. ಆಡಾಸಿಟಿಯಲ್ಲೇ ಟ್ರ್ಯಾಕನ್ನು ಎರಡು ಸ್ವರ ಕೆಳಗಿಳಿಸಬಹುದು, ವೇಗ ಬದಲಾಗದು. ಇಳಿಸಿದರೆ ಮರ್ಯಾದೆಗೆ ಕಮ್ಮಿ ಅಂದುಕೊಳ್ಳಬೇಡಿ. ನಮ್ಮ ಅಣ್ಣಾವ್ರನ್ನೇ ನೋಡಿ. ಗುಬ್ಬಿ ಕಂಪನಿಯ ರಂಗದ ಮೇಲೆ ಹಾಡಿ ಬೆಳೆದವರು, ಸಿನಿಮಾಕ್ಕೆ ಬಂದ ಮೇಲೆ ಇಪ್ಪತ್ತು ವರ್ಷ ಬಹುಮಟ್ಟಿಗೆ ಪಿ.ಬಿ. ಶ್ರೀನಿವಾಸ್ ಅವರ ದನಿಗೆ ತುಟಿ ಕೂಡಿಸಿದರು. 1974ರಲ್ಲಿ 'ಸಂಪತ್ತಿಗೆ ಸವಾಲ್' ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಅವರು ಒಂದು ಹಾಡು ಹಾಡಿಸಿದರು. ಅಷ್ಟು ಮಧುರವಾದ ದನಿಗೆ ಕಿವಿ ಒಗ್ಗಿದ್ದ ಜನ ಈ ದನಿಯನ್ನು ಹೇಗೆ ತಗೋತಾರೋ ಅಂತ ಯಾರಿಗೂ ಅನ್ನಿಸದೆ ಇರುತ್ತದೆಯೇ? ಅವರು ಪಿ.ಬಿ.ಎಸ್. ಹಾಗೆ ಹಾಡಲು ಹೋಗಲಿಲ್ಲ, ಎಮ್ಮೆಯ ಮೇಲೆ ಕೂತವನು ಹಾಡುವ ಹಾಗೇ ಹಾಡಿದರು! ಜನ ಕುಣಿದರು. ಹದಿನೆಂಟು ವರ್ಷದ ಮೇಲೆ 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು, ನಟನೆಗಲ್ಲ, ಗಾಯನಕ್ಕೆ.

ತಂಗಿ, ಪಿಕೋ ಮೆಷಿನ್ ತಗೊಳ್ಳಿ. ಹೊಲಿಗೆ ರೂಮಿನಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಮಾಡಿ, ಬಟ್ಟೆ ಹೊರಗೆ ಹಾಕಬೇಡಿ, ಪಕ್ಕಕ್ಕೆ ಒತ್ತಿ. ಹದಿಮೂರನೆಯದನ್ನು ಅಲ್ಲಿ ಹಾಡಿ. ಮಗು ಪಕ್ಕದಲ್ಲೇ ಇರಲಿ, ಬೇಕಾದರೆ ತೊಡೆಯ ಮೇಲಿರಲಿ. ಅಳುವ ಸದ್ದು ಬಂದರೆ ಆ ಸಾಲನ್ನು ಮಾತ್ರ ಮತ್ತೆ ಹಾಡಿದರಾಯಿತು. ಮಾರನೆಯ ದಿನ ನೀವು ಕೇಳಿದ ಮೇಲೆ ನನಗೊಂದು ಕಳಿಸಿ. ಹನ್ನೆರಡನೆಯದನ್ನೂ ಅಳಿಸಬೇಡಿ, ನನ್ನ ಹತ್ತಿರ ಇದೆ, ನಾನಂತೂ ಅಳಿಸಲ್ಲ.

(ಮುಂದಿನ ವಾರ: ಡಬ್ಬಿಂಗ್ ಕೋಣೆಯಲ್ಲಿ ನಾಯಕಿಗೆ ದನಿ ಕೊಡುವವರು, ಪರದೆಯ ಮೇಲೆ ಹೆಸರು ಬಾರದವರು)